‘ನೈಸ್’ ನಡೆದು ಬಂದ ದಾರಿ

ಇಂಗ್ಲಿಷಿನ ‘ನೈಸ್’ ಇಂದು ಮೆಚ್ಚುಗೆಯ ಮಾತು. ಊಟ, ಸೀರೆ, ಸಿನಿಮಾ, ಹವೆ, ನೆರೆಮನೆಯವರು, ಹೀಗೆ ಯಾವುದಕ್ಕೂ ಅದು ಹೊಂದುತ್ತದೆ. ಆದರೆ 14ನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬರನ್ನು ನೈಸ್ ಎಂದರೆ ಅದು ಬೈಗುಳವೇ ಆಗಿತ್ತು. ಚಾಸರ್ ಕವಿಯ ಕಾಲದಲ್ಲಿ ಆ ಪದಕ್ಕೆ ದಡ್ಡ, ತಿಳಿಗೇಡಿ ಎಂಬ ಅರ್ಥವಿತ್ತು. ಹಳೆಯ ಫ್ರೆಂಚ್ ಮೂಲಕ ಬಂದ ಈ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಅರಿಯದವನು. ಅದರಲ್ಲಿ ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ತಿಳಿ. ಆ ‘ನೆ’ ಮತ್ತು ಸಂಸ್ಕೃತದ ನಿಷೇಧಾರ್ಥಕ ‘ನ’ ಒಂದೇ ಬೇರಿನವು. ‘ಸೈನ್ಸ್’ ಹುಟ್ಟಿದ್ದೂ ಇದೇ ಸ್ಕೀರೆಯಿಂದ. ಅರಿವಿಗೂ ಅರಿವುಗೇಡಿತನಕ್ಕೂ ಒಂದೇ ತಾಯಿಬೇರು!

ಬೈಗುಳ ಹೊಗಳಿಕೆಯಾದದ್ದು ಒಂದೇ ನೆಗೆತಕ್ಕಲ್ಲ. ದಡ್ಡನ ನಡತೆ ಅಂಕೆ ಮೀರಿದ್ದೆಂದು ಪದಕ್ಕೆ ಸ್ವೇಚ್ಛೆ, ಆಡಂಬರ ಎಂಬ ಅರ್ಥ ಸೇರಿತು. ಮುಂದೆ ಅತಿ ನಾಜೂಕಿನವನು, ಎಲ್ಲದರಲ್ಲೂ ಕೊಂಕು ಹುಡುಕುವವನು ನೈಸ್ ಎನಿಸಿಕೊಂಡ. ಅಂಥವನ ಕಣ್ಣು ಸಣ್ಣ ವ್ಯತ್ಯಾಸವನ್ನೂ ಬಿಡುವುದಿಲ್ಲವಾದ್ದರಿಂದ ಪದ ಸೂಕ್ಷ್ಮ, ನಿಖರ ಎಂಬಲ್ಲಿಗೆ ತಲುಪಿತು. 16, 17ನೆಯ ಶತಮಾನಗಳಲ್ಲಿ ಈ ಅರ್ಥಗಳೆಲ್ಲ ಒಟ್ಟಿಗೆ ಓಡಾಡುತ್ತಿದ್ದವು. ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದಲ್ಲಿ ಪಾದ್ರಿ ಲಾರೆನ್ಸ್ ತನ್ನ ಪತ್ರ ನೈಸ್ ಅಲ್ಲ ಎನ್ನುತ್ತಾನೆ. ಪತ್ರ ಚೆನ್ನಾಗಿಲ್ಲ ಎಂದಲ್ಲ, ಅದು ಕ್ಷುಲ್ಲಕ ವಿಷಯದ್ದಲ್ಲ ಎಂದು ಅವನ ಮಾತಿನ ಅರ್ಥ. ಇಂದಿನ ಅರ್ಥ ಹಿಡಿದು ಓದಿದರೆ ಆ ದೃಶ್ಯವೇ ತಲೆಕೆಳಗಾಗುತ್ತದೆ.

ಹಿತವಾದದ್ದು, ಸೊಗಸಾದದ್ದು ಎಂಬ ಇಂದಿನ ಅರ್ಥ ಬೇರೂರಿದ್ದು 18ನೆಯ ಶತಮಾನದಲ್ಲಿ. ಬಲುಬೇಗ ಅದು ಎಲ್ಲರ ನಾಲಿಗೆಯ ತುದಿಗೆ ಬಂತು, ಅಷ್ಟೇ ಬೇಗ ಆಕ್ಷೇಪವೂ ಬಂತು. ಜೇನ್ ಆಸ್ಟಿನ್ ಅವರ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ ಕ್ಯಾಥರೀನ್ ಒಂದು ಪುಸ್ತಕವನ್ನು ನೈಸ್ ಎಂದು ಹೊಗಳಿದಾಗ ಹೆನ್ರಿ ಟಿಲ್ನಿ ಅವಳನ್ನು ಕಾಡುತ್ತಾನೆ. ಪದದ ನಿಜವಾದ ಅರ್ಥ ಅಚ್ಚುಕಟ್ಟುತನವೆಂದು ಅವನ ವಾದ. ಅವನು ಮೂಲವೆಂದು ನಂಬಿದ್ದೂ ನಡುವೆ ಬಂದ ಅರ್ಥವೇ. 1926ರಲ್ಲಿ ಎಚ್. ಡಬ್ಲ್ಯು. ಫೌಲರ್ ತಮ್ಮ ಭಾಷಾಬಳಕೆಯ ಕೋಶದಲ್ಲಿ ಇದೇ ದೂರನ್ನು ಮತ್ತೆ ಎತ್ತಿದರು. ಜನರ ಬಾಯಲ್ಲಿ ಪದದ ಓಟ ಮಾತ್ರ ನಿಲ್ಲಲಿಲ್ಲ.

ಸಂಸ್ಕೃತದ ‘ಮುಗ್ಧ’ವೂ ಹೆಚ್ಚುಕಡಿಮೆ ಇದೇ ಹಾದಿಯದು. ಮೋಹಗೊಂಡವನು, ಮೂಢ ಎಂಬಲ್ಲಿಂದ ಹೊರಟು ನಿಷ್ಕಪಟ, ಚೆಲುವು ಎಂಬಲ್ಲಿಗೆ ಬಂತು. ಇಂಗ್ಲಿಷಿನ ‘ಸಿಲ್ಲಿ’ ಎದುರು ದಿಕ್ಕಿನಲ್ಲಿ ನಡೆಯಿತು. ಒಂದು ಕಾಲಕ್ಕೆ ಪುಣ್ಯವಂತ ಎನ್ನುತ್ತಿದ್ದ ಪದ ಈಗ ಪೆದ್ದ ಎನ್ನುತ್ತದೆ.

ಹಳೆಯ ಅರ್ಥಗಳಲ್ಲಿ ‘ಸೂಕ್ಷ್ಮ’ ಎಂಬುದು ಇಂದಿಗೂ ಉಳಿದಿದೆ. ಕಾನೂನು, ತರ್ಕದ ಬರಹಗಳಲ್ಲಿ ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಚೆಂದದ ವ್ಯತ್ಯಾಸವಲ್ಲ, ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸ. ‘ನೈಸ್ ಅಂಡ್ ವಾರ್ಮ್’ ಎಂದಾಗ ಅದು ಹಿತವಾಗಿ ಬೆಚ್ಚಗಿದೆ ಎಂಬ ಒತ್ತನ್ನಷ್ಟೇ ಕೊಡುತ್ತದೆ. ಸಮಯಾಸಮಯದ ಒಂದು ವ್ಯತ್ಯಾಸವನ್ನು ಕಲಿಯುವವರು ಗಮನಿಸಬೇಕು: ‘ನೈಸ್ ಟು ಮೀಟ್ ಯು’ ಎನ್ನುವುದು ಮೊದಲ ಭೇಟಿಯಲ್ಲಿ ಪರಿಚಯವಾದಾಗ, ‘ನೈಸ್ ಮೀಟಿಂಗ್ ಯು’ ಎನ್ನುವುದು ಸಾಮಾನ್ಯವಾಗಿ ಬೀಳ್ಕೊಳ್ಳುವಾಗ. ಬರವಣಿಗೆಯಲ್ಲಂತೂ ಪದವನ್ನು ಹಿಡಿತದಲ್ಲಿಡುವುದು ಒಳ್ಳೆಯದು. ಊಟ ನೈಸ್ ಎಂದರೆ ಬಿಸಿಯೋ ರುಚಿಯೋ ಬಡಿಸಿದವರ ಪ್ರೀತಿಯೋ, ಓದುಗನಿಗೆ ಏನೂ ತಿಳಿಯುವುದಿಲ್ಲ.

ಕನ್ನಡಕ್ಕೆ ಬಂದ ಮೇಲೆ ನೈಸ್ ಇಂಗ್ಲಿಷಿನಲ್ಲಿಲ್ಲದ ಎರಡು ಅರ್ಥಗಳನ್ನು ಗಳಿಸಿತು. ಮೊದಲನೆಯದು ಅಡುಗೆಮನೆಯದು. ಇಡ್ಲಿಗೆ ಅಕ್ಕಿ ತರಿತರಿಯಾಗಿರಬೇಕು, ದೋಸೆಗೆ ನೈಸಾಗಿ ರುಬ್ಬಬೇಕು. ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ತರಿ ಸಿಕ್ಕದಿದ್ದರೆ ‘ಈಗ ನೈಸಾಯ್ತು’ ಎನ್ನುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಲು ಕೊಡುವವರೂ ಕೇಳುವುದು ಇದನ್ನೇ. ಎರಡನೆಯದು ನಡವಳಿಕೆಯದು. ‘ನನ್ನ ಹತ್ರ ನೈಸ್ ಮಾಡ್ಬೇಡ’ ಎಂದರೆ ಬೆಣ್ಣೆ ಹಚ್ಚಬೇಡ, ಪುಸಲಾಯಿಸಬೇಡ ಎಂದು. ಸಾಲಗಾರ ‘ನೈಸಾಗಿ ಜಾರಿಕೊಂಡ’ ಎಂದರೆ ಯಾರಿಗೂ ಗೊತ್ತಾಗದಂತೆ ತಪ್ಪಿಸಿಕೊಂಡ. ಎರಡೂ ಅರ್ಥಗಳಿಗೆ ಕನ್ನಡದ ‘ನಯ’ ನೆರವಾಗಿರುವ ಸಾಧ್ಯತೆಯುಂಟು. ದನಿ ಹತ್ತಿರದ್ದು, ನಯದಲ್ಲಿ ನುಣುಪೂ ಇದೆ, ವಿನಯವೂ ಇದೆ, ನಯವಂಚಕನೂ ಇದ್ದಾನೆ. ಬೆಂಗಳೂರಿನ ನೈಸ್ ರಸ್ತೆಗೆ ಮಾತ್ರ ಈ ಕಥೆಯ ನಂಟಿಲ್ಲ, ಅದು ಕಂಪನಿಯೊಂದರ ಹೆಸರಿನ ಮೊದಲಕ್ಷರಗಳಿಂದ ಆದದ್ದು.

ಕನ್ನಡದ ಈ ಎರಡು ಅರ್ಥಗಳನ್ನು ತಪ್ಪು ಬಳಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಪದ ಇಂಗ್ಲೆಂಡಿನಲ್ಲಿ ನಡೆದಂತೆಯೇ ಇಲ್ಲಿಯೂ ತನ್ನ ದಾರಿ ನಡೆದಿದೆ. ಇಂಗ್ಲಿಷಿನಲ್ಲಿ ಮಾತನಾಡುವಾಗ ಮಾತ್ರ ಎಚ್ಚರ ಬೇಕು: ಹಿಟ್ಟು ನುಣ್ಣಗಿದೆ ಎನ್ನಲು ಅಲ್ಲಿ ‘ನೈಸ್’ ನಡೆಯುವುದಿಲ್ಲ; ರುಬ್ಬಿದ ಹಿಟ್ಟಿಗೆ ‘ಸ್ಮೂತ್’, ಬೀಸಿದ ಹಿಟ್ಟಿಗೆ ‘ಫೈನ್’ ಎನ್ನಬೇಕು.