ಲಾರಿಯ ನೆತ್ತಿಯಿಂದ ಕನ್ನಡಿಯ ತೋಳಿಗೆ

ಅಮೆರಿಕದ ಹೆದ್ದಾರಿಗಳಲ್ಲಿ ಸಂಚರಿಸುವ ಭಾರೀ ಲಾರಿಯೊಂದನ್ನು ಎದುರಿನಿಂದ ನೋಡಿದವರಿಗೆ, ಚಾಲಕನ ಕೋಣೆಯ ಎರಡು ಪಕ್ಕಗಳಲ್ಲಿ ಕಿವಿಗಳಂತೆ ಚಾಚಿಕೊಂಡ ಉದ್ದನೆಯ ಕನ್ನಡಿಗಳೂ, ಅವುಗಳ ಲೋಹದ ತೋಳುಗಳ ಮೇಲೆ ನೆಟ್ಟಗೆ ನಿಂತು ಗಾಳಿಗೆ ಬಾಗಿ ಬಾಗಿ ಏಳುವ ಎರಡು ತೆಳು ಕೋಲುಗಳೂ ಕಣ್ಣಿಗೆ ಬೀಳದಿರವು. ಅವನ್ನು ಬರಿಯ ಅಲಂಕಾರವೆಂದು ತಿಳಿಯುವವರುಂಟು. ವಸ್ತುತಃ ಅವು ಚಾಲಕನ ರೇಡಿಯೋಗೆ ಸೇರಿದ ಆಂಟೆನಾಗಳು. ವಾಹನದ ಅತ್ಯುನ್ನತ ಸ್ಥಾನವಾದ ನೆತ್ತಿಯನ್ನು ಬಿಟ್ಟು ಅವು ಪಕ್ಕಕ್ಕೆ ಸರಿದು ಜೋಡಿಯಾಗಿ ನಿಂತುದರ ಹಿಂದೆ, ತರಂಗದ ಉದ್ದಕ್ಕೂ ಸೇತುವೆಯ ಎತ್ತರಕ್ಕೂ ನಡೆದ ದೀರ್ಘ ಸಂಧಾನವೊಂದಿದೆ.

ವಾಹನದ ಮೇಲೆ ಆಂಟೆನಾ ನಿಲ್ಲಿಸುವ ಕಷ್ಟ ನಿಸ್ತಂತು ವಿದ್ಯೆಯಷ್ಟೇ ಹಳೆಯದು. 1901ರಲ್ಲಿ ಮಾರ್ಕೋನಿ ಇಂಗ್ಲೆಂಡಿನಲ್ಲಿ ಥಾರ್ನಿಕ್ರಾಫ್ಟ್ ಉಗಿಬಂಡಿಯೊಂದರ ಮೇಲೆ ತನ್ನ ಯಂತ್ರಗಳನ್ನು ಹೂಡಿ, ಅದರ ಮಾಡಿನ ಮೇಲೆ ಕೊಳವೆಯಾಕಾರದ ಎತ್ತರದ ಲೋಹಸ್ತಂಭವೊಂದನ್ನು ನಿಲ್ಲಿಸಿದನು. ಬಂಡಿ ಹೊರಡುವಾಗ ಆ ಸ್ತಂಭವನ್ನು ಮಲಗಿಸಬೇಕಾಗಿತ್ತು. ನಿಂತಾಗ ಎತ್ತರ ಬೇಕು, ನಡೆಯುವಾಗ ಎತ್ತರ ಬೇಡ ಎಂಬ ಈ ವಿರೋಧವು ಮೊದಲ ದಿನದಲ್ಲಿಯೇ ಎದುರಾಯಿತೆಂಬುದು ನನಗೆ ಬಹು ಸ್ವಾರಸ್ಯವಾಗಿ ಕಾಣುತ್ತದೆ. ಮುಂದೆ 1928ರಲ್ಲಿ ಡೆಟ್ರಾಯಿಟಿನ ಪೋಲೀಸ್ ಕಾರುಗಳು ಠಾಣೆಯ ಮಾತನ್ನು ಕೇಳತೊಡಗಿದುವು. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಪಟ್ಟಣದ ಕಾರುಗಳು ಮರುನುಡಿಯುವುದನ್ನೂ ಕಲಿತವು. ಆದರೆ ಕಾರು ಗಿಡ್ಡ ವಾಹನ.

ಲಾರಿಯವರ ಕಥೆ ಆರಂಭವಾಗುವುದು 1958ರಲ್ಲಿ. ಆ ವರ್ಷ ಅಮೆರಿಕದ ಸಂಪರ್ಕ ಆಯೋಗವು 27 ಮೆಗಾಹರ್ಟ್ಸ್ ಸುತ್ತಿನ 23 ಚಾನೆಲುಗಳನ್ನು ಸಾಮಾನ್ಯ ಪ್ರಜೆಗಳ ಉಪಯೋಗಕ್ಕೆ ಬಿಟ್ಟುಕೊಟ್ಟಿತು, ಇದೇ ಸಿ.ಬಿ. ರೇಡಿಯೋ. ಈ ಪಟ್ಟಿಯ ತರಂಗದ ಉದ್ದ ಸುಮಾರು 11 ಮೀಟರು. ಆಂಟೆನಾ ತೃಪ್ತಿಕರವಾಗಿ ಕೆಲಸ ಮಾಡಬೇಕಾದರೆ ತರಂಗದ ಕಾಲುಭಾಗವಾದರೂ, ಎಂದರೆ ಸುಮಾರು 2.75 ಮೀಟರು, ಉದ್ದವಿರತಕ್ಕುದು. ಕಾರಿನ ಹಿಂಬದಿಯ ಬಂಪರಿಗೆ ಅಷ್ಟುದ್ದದ ಉಕ್ಕಿನ ಕಂಬಿಯನ್ನು ಬಿಗಿಯಬಹುದು. 4 ಮೀಟರಿಗೂ ಮಿಗಿಲಾಗಿ ಎತ್ತರವಿರುವ ಲಾರಿಯ ನೆತ್ತಿಗೆ ಅದನ್ನು ಬಿಗಿದರೆ ಒಟ್ಟು ಎತ್ತರ 7 ಮೀಟರಿನ ಹತ್ತಿರಕ್ಕೆ ಹೋಗುತ್ತದೆ; ಹೆದ್ದಾರಿಯ ಮೇಲ್ಸೇತುವೆಗಳಾದರೋ ಐದು ಮೀಟರಿನ ಆಸುಪಾಸಿನಲ್ಲಿವೆ.

1973ರ ತೈಲಸಂಕಟ ಬಾರದೆ ಇದ್ದಿದ್ದರೆ ಈ ಸಮಸ್ಯೆ ಕೆಲವರ ಹವ್ಯಾಸದಲ್ಲಿಯೇ ಉಳಿದುಬಿಡುತ್ತಿತ್ತೇನೋ. ಡೀಸೆಲ್ ದುರ್ಲಭವಾಯಿತು, 1974ರ ಜನವರಿಯಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿ ದೇಶಕ್ಕೆಲ್ಲ ಬಂತು. ಯಾವ ಬಂಕಿನಲ್ಲಿ ಎಣ್ಣೆ ಸಿಕ್ಕೀತು, ಎಲ್ಲಿ ಪೋಲೀಸರು ಕಾದಿದ್ದಾರೆ ಎಂಬ ವಾರ್ತೆ ಲಾರಿಯಿಂದ ಲಾರಿಗೆ ಹರಿಯತೊಡಗಿ, ಕ್ರಮೇಣ 19ನೆಯ ಚಾನೆಲು ಅವರ ಅರಳೀಕಟ್ಟೆಯಾಯಿತು. ಜನರ ನೂಕುನುಗ್ಗಲಿನಿಂದ 1977ರ ಆರಂಭದಲ್ಲಿ ಚಾನೆಲುಗಳ ಸಂಖ್ಯೆ 40ಕ್ಕೆ ಏರಿತು.

ಆಗ ಬಳಕೆಯಲ್ಲಿ ನೆಲೆಗೊಂಡುದು ಗಿಡ್ಡ ಕೋಲು. ಸುಮಾರು ನಾಲ್ಕಡಿಯ ಫೈಬರ್‌ಗ್ಲಾಸ್ ಕೋಲಿನ ಮೈಗೆ ತಾಮ್ರದ ತಂತಿಯನ್ನು ಬಳ್ಳಿಯಂತೆ ಸುತ್ತಿದರೆ, ಕೋಲು ಗಿಡ್ಡವಾದರೂ ತರಂಗಕ್ಕೆ ಅದು ಉದ್ದವಾಗಿಯೇ ತೋರುತ್ತದೆ. ಶಕ್ತಿಯಲ್ಲಿ ಕೊಂಚ ನಷ್ಟವಾಗುವುದು ನಿಜ. ಕನ್ನಡಿಯ ತೋಳಿಗೆ ಅದನ್ನು ಸಿಕ್ಕಿಸಿದರೆ ತುದಿ ಮಾತ್ರ ಮಾಡಿನಿಂದ ಮೇಲಕ್ಕೆ ಇಣುಕುತ್ತದೆ. ಆದರೆ ಒಂದೇ ಪಕ್ಕದಲ್ಲಿ ನಿಂತ ಕೋಲಿಗೆ ಹಿಂದಿನ ಟ್ರೇಲರಿನ ತಗಡಿನ ಗೋಡೆ ಮರೆಯಾಗುವುದರಿಂದ ಮತ್ತೊಂದು ಪಕ್ಕಕ್ಕೂ ಒಂದನ್ನು ನಿಲ್ಲಿಸಿದರು. ಎರಡಕ್ಕೂ ಪ್ರವಾಹವು ಏಕಕಾಲದಲ್ಲಿ ತಲಪಿದಾಗ ರಸ್ತೆಯ ಮುಂದಕ್ಕೂ ಹಿಂದಕ್ಕೂ ಹೊರಟ ತರಂಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಪಕ್ಕಕ್ಕೆ ಹೊರಟವು ತುಸು ಕುಂದುತ್ತವೆ. ಲಾರಿಯ ಅಗಲವೇ ಎರಡೂವರೆ ಮೀಟರಾದ್ದರಿಂದ ಈ ಲಾಭ ಅಲ್ಪವೇ. ಆದರೂ ರಸ್ತೆಯಲ್ಲಿ ಹೋಗುವವನಿಗೆ ಬೇಕಾದ ದಿಕ್ಕುಗಳು ಅವೇ ಅಲ್ಲವೆ? ಎರಡು ಕೋಲುಗಳನ್ನು ಸುಮ್ಮನೆ ಜೋಡಿಸಿದರೆ ರೇಡಿಯೋ ನಿರೀಕ್ಷಿಸುವ 50 ಓಮಿನ ಭಾರ ಅರ್ಧಕ್ಕೆ ಇಳಿದುಬಿಡುವುದರಿಂದ, ಲೆಕ್ಕಹಾಕಿ ಕತ್ತರಿಸಿದ, ಎಡಬಲ ಸಮ ಉದ್ದದ 75 ಓಮಿನ ಕೇಬಲುಗಳನ್ನು ಬಳಸುತ್ತಾರೆ.

ಇಷ್ಟೆಲ್ಲ ಆದಮೇಲೂ ಕೆಲಸ ಕೆಡುವುದು ಬಹುಧಾ ಅತಿ ಸಣ್ಣ ಜಾಗದಲ್ಲಿ. ಕೋಲು ಆಂಟೆನಾದ ಅರ್ಧವಷ್ಟೆ. ಉಳಿದರ್ಧ ವಾಹನದ ಲೋಹದ ಮೈ. ಕನ್ನಡಿ ಇರುವುದು ಬಾಗಿಲ ಮೇಲೆ, ಬಾಗಿಲು ತೂಗುವುದು ತಿರುಗಣಿಯ ಮೇಲೆ, ತಿರುಗಣಿಯಲ್ಲಿ ತುಕ್ಕೂ ಗ್ರೀಸೂ ತುಂಬಿ ವಿದ್ಯುತ್ತಿಗೆ ದಾರಿಯಿಲ್ಲ! ಆದಕಾರಣ ಬಲ್ಲವನು ತೋಳಿನ ಬುಡದಲ್ಲಿ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ಹಲ್ಲುಳ್ಳ ವಾಷರು ಹಾಕಿ ಬಿಗಿದು, ಬಾಗಿಲಿನಿಂದ ಕೋಣೆಯ ಚೌಕಟ್ಟಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕಟ್ಟುತ್ತಾನೆ. ಕೋಣೆಯೇ ಫೈಬರಿನದಾಗಿದ್ದರೆ ಆ ಪಟ್ಟಿ ಅಡಿಯ ಚಾಸಿಯವರೆಗೂ ಇಳಿಯಬೇಕು.

ಬಳಿಕ ಲಾರಿಯನ್ನು ಗೋಡೆಮರಗಳಿಲ್ಲದ ಬಯಲಿಗೆ ಒಯ್ದು, ಬಾಗಿಲು ಮುಚ್ಚಿ, ಹಿಂದಿರುಗುವ ತರಂಗವನ್ನು ಅಳೆಯುವ ಮೀಟರನ್ನು ಮಧ್ಯೆ ಸೇರಿಸಿ, 1ನೆಯ ಚಾನೆಲಿನಲ್ಲಿಯೂ 40ನೆಯದರಲ್ಲಿಯೂ ಮೈಕಿನ ಗುಂಡಿ ಒತ್ತಿ ನೋಡುವುದು. 40ರಲ್ಲಿ ಮುಳ್ಳು ಹೆಚ್ಚು ಏರಿದರೆ ಕೋಲು ಉದ್ದವಾಯಿತು. 1ರಲ್ಲಿ ಏರಿದರೆ ಗಿಡ್ಡವಾಯಿತು. ತುದಿಯ ತಿರುಪನ್ನು ಎರಡು ಪಕ್ಕಗಳಲ್ಲೂ ಸಮವಾಗಿ ತಿರುಗಿಸಿ, ಇಳಿದು, ಹತ್ತಿ, ಮತ್ತೆ ಒತ್ತಿ ನೋಡಿ, ಮುಳ್ಳು ಒಂದೂವರೆಯ ಕೆಳಗೆ ನಿಂತಮೇಲೆ ಅವನು 19ನೆಯ ಚಾನೆಲಿಗೆ ತಿರುಗಿಸಿ, ಯಾರಾದರೂ ಕೇಳಿಸಿಕೊಳ್ಳುತ್ತಿರುವಿರಾ ಎಂದು ವಿಚಾರಿಸುತ್ತಾನೆ.