ಪ್ಲಾಸ್ಟಿಕ್ ಸುಖೋಯ್‌ಗೆ ಲೋಹದ ಹೊಳಪು: ಪುಣೆ ಮಳೆಯಲ್ಲಿ ಸ್ಪ್ರೇ ಮಾಡುವ ಮುನ್ನ ಇದು ಗೊತ್ತಿರಲಿ

ಪುಣೆ: ತಿಂಗಳುಗಟ್ಟಲೆ ಕೂತು ಅಂಟಿಸಿ, ಉಜ್ಜಿ ಸಿದ್ಧಪಡಿಸಿದ ಮಾದರಿ ವಿಮಾನ. ಕೊನೆಗೊಂದು ಬೆಳ್ಳಿ ಬಣ್ಣದ ಕೋಟ್. ನೋಡನೋಡುತ್ತಲೇ ಮೈಯೆಲ್ಲ ಬೂದಿ ಬಳಿದಂತೆ ಮಂಕು! ಸ್ಕೇಲ್ ಮಾಡೆಲ್ ಹವ್ಯಾಸಿಗಳಿಗೆ ಈ ಸಂಕಟ ಹೊಸದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುವ ಪುಣೆಯಲ್ಲಂತೂ ಇದು ಇನ್ನೂ ಹೆಚ್ಚು.

ಈ ಹೊಳಪಿಗೂ ಪುಣೆಗೂ ನಂಟಿದೆ. ಸುಖೋಯ್-30 ಎಂಕೆಐ ವಾಯುಪಡೆಗೆ ಸೇರ್ಪಡೆಯಾಗಿದ್ದು 2002ರ ಸೆಪ್ಟೆಂಬರ್‌ನಲ್ಲಿ, ಇಲ್ಲಿನ ಲೋಹೆಗಾಂವ್ ವಾಯುನೆಲೆಯಲ್ಲಿ. ಸುಮಾರು 22 ಮೀಟರ್ ಉದ್ದದ ಈ ವಿಮಾನ 1:72 ಅಳತೆಯಲ್ಲಿ 30 ಸೆಂ.ಮೀ. ಆಗುತ್ತದೆ. ಮೈಗೆ ಬೂದು ಬಣ್ಣ ಹೊಡೆಯುವುದು ಕಷ್ಟವಲ್ಲ. ಸವಾಲು ಇರುವುದು ಹಿಂಭಾಗದಲ್ಲಿ. ಎಂಜಿನ್ ಸುತ್ತ ಇರುವುದು ಬಣ್ಣವಿಲ್ಲದ ಬರಿ ಲೋಹ, ಶಾಖಕ್ಕೆ ಕಂದು, ನೀಲಿ ಛಾಯೆ ತಿರುಗಿದ ಲೋಹ. 1960ರ ದಶಕದ ಮಿಗ್-21 ಮಾಡುವವರ ಪಾಡು ಇನ್ನೂ ಕಠಿಣ, ಆಗ ಅವುಗಳ ಇಡೀ ಮೈಯೇ ಬರಿ ಲೋಹ.

ಗೇಟಿನ ಸಿಲ್ವರ್ ಪೇಂಟ್ ಯಾಕಾಗದು?

ಲೋಹದ ಬಣ್ಣದಲ್ಲಿರುವುದು ಅಲ್ಯೂಮಿನಿಯಂನ ಚಪ್ಪಟೆ ಚೂರುಗಳು. ಒಂದು ಚೂರು 0.05 ಮಿ.ಮೀ. ಇದೆ ಎಂದುಕೊಳ್ಳಿ. 72 ಪಟ್ಟು ಹಿಗ್ಗಿಸಿದರೆ ಅದು 3.6 ಮಿ.ಮೀ. ಅಂದರೆ ನಿಜ ವಿಮಾನಕ್ಕೆ ಮಿನುಗು ಪುಡಿ ಉದುರಿಸಿದಂತೆ! ಹಾಗಾಗಿಯೇ ಮಾದರಿಗಳಿಗೆಂದು ಅತಿ ನುಣ್ಣನೆಯ ಲೋಹದ ಲ್ಯಾಕರ್‌ಗಳಿವೆ.

ಆದರೆ ಈ ಲ್ಯಾಕರ್ ಏನನ್ನೂ ಮುಚ್ಚಿಡುವುದಿಲ್ಲ. ಚೂರುಗಳು ಮಟ್ಟಸವಾಗಿ ಮಲಗಿದರಷ್ಟೇ ಹೊಳಪು. ಕೆಳಗೆ ಒಂದು ಗೀರು, ಅಂಟಿನ ಗೆರೆ, ಬೆರಳಚ್ಚು ಇದ್ದರೂ ಎದ್ದು ಕಾಣುತ್ತದೆ. ಹೀಗಾಗಿ ಅಸಲಿ ಕೆಲಸ ಬೆಳ್ಳಿ ಬಣ್ಣಕ್ಕಿಂತ ಮೊದಲೇ ಮುಗಿದಿರಬೇಕು. 2000 ಗ್ರಿಟ್ ಅಥವಾ ಅದಕ್ಕಿಂತ ನಯವಾದ ವಾಟರ್ ಪೇಪರ್‌ನಲ್ಲಿ ಉಜ್ಜಿ, ಸೋಪಿನ ನೀರಲ್ಲಿ ತೊಳೆದು, ಗ್ಲಾಸ್ ಬ್ಲ್ಯಾಕ್ ಹೊಡೆದು ಒಂದೆರಡು ದಿನ ಒಣಗಲು ಬಿಡಬೇಕು. ಆ ಕಪ್ಪಿನಲ್ಲಿ ಟ್ಯೂಬ್‌ಲೈಟ್ ಸ್ಪಷ್ಟವಾಗಿ ಕಾಣದಿದ್ದರೆ ಮುಂದುವರಿಯದಿರುವುದೇ ಲೇಸು. ನಂತರ ಏರ್‌ಬ್ರಷ್‌ನಲ್ಲಿ 12ರಿಂದ 15 ಪಿಎಸ್‌ಐ ಒತ್ತಡದಲ್ಲಿ, ತೆಳುವಾಗಿ, ಹಲವು ಸಲ. ಶಾಖದ ಛಾಯೆಗೆ ಪಾರದರ್ಶಕ ಕಂದು, ನೀಲಿ ಬಣ್ಣ ಕೊನೆಗೆ ಸಾಕು, ಅದೂ ಹೌದೋ ಅಲ್ಲವೋ ಎನ್ನುವಷ್ಟು.

ಮಂಕಾಗುವುದು ಯಾಕೆ?

ಲ್ಯಾಕರ್‌ನ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈಯನ್ನು ತಂಪು ಮಾಡುತ್ತದೆ. ಆ ತಂಪಿಗೆ ಗಾಳಿಯ ತೇವ ಬಂದು ಕೂತು ಬಿಳಿ ಮಂಜು ಕಟ್ಟುತ್ತದೆ. ಕಪ್ಪು ತಳ ಮಂಕಾದರೆ ಒಣಗಿದ ಮೇಲೆ ಪಾಲಿಶ್ ಮಾಡಿ ಉಳಿಸಿಕೊಳ್ಳಬಹುದು. ಲೋಹದ ಕೋಟ್ ಹಾಳಾದರೆ ಸಾಮಾನ್ಯವಾಗಿ ಬಣ್ಣ ತೆಗೆದು ಮೊದಲಿಂದ ಶುರು ಮಾಡಬೇಕು. ಮಳೆ ಬಿಡುವು ಕೊಟ್ಟ ದಿನಕ್ಕೆ ಕಾಯುವುದು, ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಟ್ರ್ಯಾಪ್ ಹಾಕುವುದು, ಇವೆರಡೇ ಅಗ್ಗದ ಉಪಾಯ.

ಮಳೆ ಎಂದು ಕಿಟಕಿ ಮುಚ್ಚಿ ಸ್ಪ್ರೇ ಮಾಡುವುದು ಮಾತ್ರ ಅಪಾಯ. ಈ ಥಿನ್ನರ್ ಆವಿಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಗಾಳಿ ಹೊರಹೋಗಲು ದಾರಿ ಬೇಕು. ಬೆಂಕಿ ತಗಲುವ ವಸ್ತುವಾದ್ದರಿಂದ ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಬೇಡವೇ ಬೇಡ.

ಅನುಮಾನವಿದ್ದರೆ ಅದೇ ದಿನ, ಅದೇ ಕೋಣೆಯಲ್ಲಿ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಮೊದಲು ಹೊಡೆದು ನೋಡಿ. ಅದು ಮಂಕಾದರೆ ವಿಮಾನವನ್ನು ಡಬ್ಬಿಯೊಳಗೇ ಇಡಿ.