ಹೊಸ ಲ್ಯಾಪ್‌ಟಾಪ್ ಖರೀದಿಗೆ ಮುನ್ನ ಹಾರ್ಡ್ ಡಿಸ್ಕ್ ಪರಿಶೀಲಿಸಿ

ಮಾನ್ಯ ಸದಸ್ಯರೇ,

ಶಂಕರಪುರದ ಮಲ್ಲಿಗೆ ಬೆಳೆಗಾರರು ಹೂವನ್ನು ಕಟ್ಟೆಗೆ ತಲುಪಿಸಿ, ನಮೂನೆ 9 ಅಥವಾ 11ಕ್ಕಾಗಿ ಕಚೇರಿಗೆ ಬಂದಾಗ, ಲ್ಯಾಪ್‌ಟಾಪ್ ತೆರೆದುಕೊಳ್ಳುವುದಕ್ಕೇ ಕಾಯುವಂತಾಗಬಾರದು. ಈ ವಿಳಂಬಕ್ಕೆ ಹಲವೊಮ್ಮೆ ಹಳೆಯ ಹಾರ್ಡ್ ಡಿಸ್ಕ್ ಕಾರಣವಾಗಿರುತ್ತದೆ.

ಅದರೊಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಬಾರಿ ತಿರುಗುತ್ತದೆ. ಬೇಕಾದ ಮಾಹಿತಿಯು ಓದುವ ಭಾಗದ ಕೆಳಗೆ ಬರಲು ಮೊದಲನೆಯದರಲ್ಲಿ ಸರಾಸರಿ 5.6, ಎರಡನೆಯದರಲ್ಲಿ 4.2 ಮಿಲಿಸೆಕೆಂಡ್ ತಗಲುತ್ತದೆ. ಒಂದು ತಂತ್ರಾಂಶ ತೆರೆಯುವಷ್ಟರಲ್ಲಿ ಇಂತಹ ಓದು ನೂರಾರು ಬಾರಿ ನಡೆಯುವುದರಿಂದ ವಿಳಂಬ ಬೆಳೆಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಳಕೆ ಸದಾ ಶೇ. 100ರ ಸಮೀಪವಿದ್ದರೆ, ಮೊದಲು ಡಿಸ್ಕಿನಲ್ಲಿ ಖಾಲಿ ಸ್ಥಳವಿದೆಯೇ, ರ್‍ಯಾಮ್ ಸಾಕಷ್ಟಿದೆಯೇ ಎಂದು ನೋಡಬೇಕು. ಅವೆರಡೂ ಸರಿಯಿದ್ದಲ್ಲಿ ಎಸ್‌ಎಸ್‌ಡಿ ಅಳವಡಿಸುವುದು ಸೂಕ್ತ. ಆದರೆ ಇ-ಸ್ವತ್ತು ಅಥವಾ ಪಂಚತಂತ್ರ ಮಾತ್ರ ನಿಧಾನವಾಗಿದ್ದರೆ ಕಾರಣ ಅಂತರ್ಜಾಲ ಅಥವಾ ಸರ್ವರ್ ಆಗಿರಬಹುದು. ಆಗ ಹೊಸ ಲ್ಯಾಪ್‌ಟಾಪಿನಿಂದಲೂ ಪ್ರಯೋಜನವಾಗದು.

ಆದುದರಿಂದ ಸಾಮಾನ್ಯ ಸಭೆಯಲ್ಲಿ ಖರೀದಿಗೆ ಅನುಮೋದನೆ ನೀಡುವ ಮುನ್ನ ಈ ಪರಿಶೀಲನೆಯ ವರದಿಯನ್ನು ಕೇಳಿ ಪಡೆಯಿರಿ. ಡಿಸ್ಕ್ ಬದಲಿಸುವ ಮೊದಲು ದತ್ತಾಂಶದ ಪ್ರತಿ ತೆಗೆದಿರಿಸಬೇಕು. ತೆಗೆದ ಡಿಸ್ಕಿನಲ್ಲಿ ಗ್ರಾಮಸ್ಥರ ದಾಖಲೆಗಳು ಉಳಿದಿರುವುದರಿಂದ ಅದು ಕಚೇರಿಯ ಸುಪರ್ದಿಯಲ್ಲಿಯೇ ಇರತಕ್ಕದ್ದು.